ಕಂಚಿನ ಅಮೂರ್ತ ಶಿಲ್ಪ ಕೊಳ್ಳುವ ಮುನ್ನ ಏನೇನು ನೋಡಬೇಕು?

ಮಾಟುಂಗದಿಂದ ಪ್ರಶ್ನೆ: ಮುಂಬೈನ ಕಾಲಾ ಘೋಡಾದ ಒಂದು ಪ್ರದರ್ಶನದಲ್ಲಿ ಕಂಡ ಅಮೂರ್ತ ಕಂಚಿನ ಶಿಲ್ಪ ಮನಸ್ಸಿನಿಂದ ಹೋಗುತ್ತಿಲ್ಲ. ಒಂದೂವರೆ ಅಡಿ ಎತ್ತರ, ಮೈತುಂಬ ಮರದ ತೊಗಟೆಯಂತಹ ಒರಟು. ಬುಡದಲ್ಲಿ 3/8 ಎಂದು ಕೆತ್ತಿದೆ. ಚಿತ್ರಗಳನ್ನು ಕೊಂಡಿದ್ದೇನೆ, ಶಿಲ್ಪ ಇದೇ ಮೊದಲು. ಬಲ್ಲವರು ದಯವಿಟ್ಟು ತಿಳಿಸಿ.

ಠಾಣೆಯಿಂದ: ಅಕ್ಕ, ನನ್ನದು ಎರಕದ ಕೆಲಸ. ಮೊದಲು ಶಿಲ್ಪವನ್ನು ಮಲಗಿಸಲು ಹೇಳಿ, ಬುಡ ನೋಡಿ. ಒರಟು ಮೈಯಲ್ಲಿ ಗಾಳಿಗುಳ್ಳೆಯ ತೂತು, ಬೆಸುಗೆಯ ಗೆರೆ, ತುಂಬಿದ ಬಿರುಕು ಎಲ್ಲವೂ ಅಡಗಿಬಿಡುತ್ತವೆ. ಒಳಮೈಯನ್ನು ಯಾರೂ ಅಷ್ಟು ತಿದ್ದಲು ಹೋಗುವುದಿಲ್ಲ. ಮೇಣದಲ್ಲಿ ರೂಪ ಮಾಡಿ, ಅದನ್ನು ಕರಗಿಸಿದ ಜಾಗಕ್ಕೆ ಲೋಹ ಹೊಯ್ದ ಈ ಅಳತೆಯ ಶಿಲ್ಪ ಸಾಮಾನ್ಯವಾಗಿ ಟೊಳ್ಳು, ಲೋಹದ ದಪ್ಪ ಕೆಲವೇ ಮಿಲಿಮೀಟರ್. ಟಾರ್ಚ್ ಹಿಡಿದರೆ ಮೇಣ ಬಳಿದಾಗಿನ ಕುಂಚದ ಗುರುತು ಕೂಡ ಕಂಚಿನಲ್ಲಿ ಕಾಣಬಹುದು. ಅದರ ಬದಲು ಗಾಜಿನ ನಾರಿನ ಹಾಸು ಕಂಡರೆ ಅದು ಕಂಚಿನ ಪುಡಿ ಬೆರೆಸಿದ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಅಂಟು), ಮಾರುವವರ ಬಾಯಲ್ಲಿ ‘ಕೋಲ್ಡ್ ಕಾಸ್ಟ್ ಬ್ರಾಂಜ್’. ಅದಕ್ಕೂ ಅದರದೇ ಚೆಲುವಿದೆ, ಆದರೆ ಎರಕದ ಕಂಚಿನ ಬೆಲೆ ಕೊಡಬೇಡಿ.

ಅಯಸ್ಕಾಂತ ಒಯ್ಯಿರಿ. ಕಂಚಿಗೆ ಅದು ಅಂಟುವುದಿಲ್ಲ. ಹಿತ್ತಾಳೆಗೂ ರೆಸಿನ್‌ಗೂ ಅಂಟದ ಕಾರಣ ಅಷ್ಟರಿಂದಲೇ ನಂಬಬೇಡಿ. ಒಂದು ಚುಕ್ಕೆಯಲ್ಲಿ ಮಾತ್ರ ಹಿಡಿದರೆ, ಎರಕ ಹೊಯ್ಯುವಾಗ ಟೊಳ್ಳು ಉಳಿಯಲೆಂದು ಒಳಗಿಟ್ಟ ತಿರುಳು ಅಲುಗದಿರಲೆಂದು ಚುಚ್ಚಿದ ಕಬ್ಬಿಣದ ಮೊಳೆ ಉಳಿದಿರಬಹುದು. ನಾಳೆ ತುಕ್ಕು ಹೊರಬರುವುದು ಅಲ್ಲಿಂದಲೇ.

ಇನ್ನೊಂದು ಮಾತು: ಆ ಒರಟು ಮೇಣದಲ್ಲೇ ಮೂಡಿದ್ದೋ, ಎರಕವಾದ ಮೇಲೆ ಉಳಿಯಿಂದ ಕೊರೆದದ್ದೋ ಕೇಳಿ. ಮೇಣದಲ್ಲಿ ಮೂಡಿದ್ದಾದರೆ ಕಲಾವಿದರ ಬೆರಳ ಗೆರೆಗಳೂ ಲೋಹಕ್ಕೆ ಇಳಿದಿರುತ್ತವೆ. ಅಂಥದ್ದು ಕೈಗೆ ಬಂದಾಗ ನಮ್ಮ ಕೆಲಸಕ್ಕೇ ಒಂದು ಗೌರವ ಬಂದಂತೆ ನನಗೆ ಅನಿಸುತ್ತದೆ.

ಮಾಹಿಮ್‌ನಿಂದ: 3/8 ಎಂದರೆ ಎಂಟು ಎರಕಗಳಲ್ಲಿ ಮೂರನೆಯದು. ಅದರ ಹೊರತು ಕಲಾವಿದರ ಸ್ವಂತ ಪ್ರತಿಗಳೂ ಇರಬಹುದು, ಅವು ಎಷ್ಟೆಂದು ಬರೆಸಿಕೊಳ್ಳಿ. ಫ್ರಾನ್ಸಿನ ಪದ್ಧತಿಯಲ್ಲಿ ಇಂಥ ಎಂಟು, ಕಲಾವಿದರ ಪ್ರತಿ ನಾಲ್ಕು, ಒಟ್ಟು 12ರವರೆಗೆ ಮೂಲಕೃತಿ ಎಂದೇ ಲೆಕ್ಕ. ಪ್ರಮಾಣಪತ್ರದಲ್ಲಿ ಎರಕದ ವರ್ಷ, ತೂಕ, ಎರಕಶಾಲೆಯ ಹೆಸರು ಇರಲಿ. ಬಿಲ್ ಜೋಪಾನ. ಮುಂದೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮಾರಿದರೆ, ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಂತೆ ಕಲಾವಿದರಿಗೂ ಪಾಲು ಸಲ್ಲಬಹುದು.

ವರ್ಸೋವಾದಿಂದ: ಕಡಲ ಗಾಳಿಯ ಉಪ್ಪು ಆ ತಗ್ಗುಗಳಲ್ಲೇ ಕೂರುತ್ತದೆ. ಗಟ್ಟಿಯಾಗಿ ಹಿಡಿದ ಹಸಿರು ಬಣ್ಣಕ್ಕೆ ಹೆದರಬೇಡಿ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಎದ್ದರೆ ತಡಮಾಡದೆ ಸಂರಕ್ಷಕರಿಗೆ ತೋರಿಸಿ. ಮಳೆಗಾಲಕ್ಕೆ ಮುಂಚೆ ಮೃದು ಬ್ರಷ್‌ನಿಂದ ಧೂಳು ತೆಗೆದು ತೆಳುವಾಗಿ ಮೇಣ ಸವರಿ. ಮನೆಯವರಿಗೆಲ್ಲ ಈಗಲೇ ಹೇಳಿಡಿ: ದೇವರ ದೀಪಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜಿದರೆ ಕಲಾವಿದರು ಕೊಟ್ಟ ಬಣ್ಣವೆಲ್ಲ ಹೋಯಿತು.

ಮಾಟುಂಗದಿಂದ: ಎಲ್ಲರಿಗೂ ಋಣಿ. ಬುಡ ತೋರಿಸಲು ಒಪ್ಪಿದ್ದಾರೆ. ಆದರೆ ಪ್ರಮಾಣಪತ್ರದಲ್ಲಿ ಎರಕಶಾಲೆಯ ಹೆಸರಿಲ್ಲ.

ಠಾಣೆಯಿಂದ: ಕಲಾವಿದರನ್ನೇ ಕೇಳಿ ಅಕ್ಕ, ಖುಷಿಯಿಂದ ಹೇಳುತ್ತಾರೆ. ಅದು ಬರಹದಲ್ಲಿ ಬರುವ ತನಕ ಮುಂಗಡ ಕೊಡಬೇಡಿ.