ಸಹಾಯ ಬೇಕು: ಹಳೇ ಬುಲೆಟ್‌ಗೆ ಬೇರೆ ಸೈಲೆನ್ಸರ್, ಎಕ್ಸಲರೇಟರ್ ಬಿಟ್ಟರೆ ಪಟಪಟ ಸದ್ದು

ಎಲ್ಲರಿಗೂ ನಮಸ್ಕಾರ. ಗಾಡಿ 1996ರ ಬುಲೆಟ್ 350, ಕಾಸ್ಟ್ ಐರನ್ ಎಂಜಿನ್, ಮಿಕ್‌ಕಾರ್ಬ್ ವಿಎಂ24 ಕಾರ್ಬುರೇಟರ್. ಕಂಪನಿ ಸೈಲೆನ್ಸರ್ ತುಕ್ಕು ಹಿಡಿದು ತೂತಾದ್ದರಿಂದ ಹೊರಗಿನ ಗಿಡ್ಡ ಸೈಲೆನ್ಸರ್ ಹಾಕಿದೆ. ಒಳಗೆ ಬ್ಯಾಫಲ್ (ಸದ್ದು ತಗ್ಗಿಸುವ ತಡೆ) ಇದೆ, ತೆಗೆಯುವುದಿಲ್ಲ; ಸದ್ದು ಜಾಸ್ತಿಯಾದರೆ ದಂಡ ಗ್ಯಾರಂಟಿ.

ಈಗ ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟರೆ ಪಟಪಟ ಸಿಡಿಯುತ್ತದೆ. ಮುಕ್ಕಾಲು ಎಕ್ಸಲರೇಟರ್‌ನಲ್ಲಿ ಓಡಿಸಿ ಪ್ಲಗ್ ಬಿಚ್ಚಿದರೆ ಬಿಳಿ, ಅಂದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ.

ಎಂಜಿನ್‌ನಿಂದ ಸೈಲೆನ್ಸರ್‌ಗೆ ಬರುವ ಬೆಂಡ್ ಪೈಪ್ ಹೆಡ್ಡಿನ ಪೋರ್ಟ್‌ಗೆ (ಹೊಗೆ ಹೊರಬರುವ ಬಾಯಿ) ಬರೀ ತುರುಕಿ ಕೂರುವಂಥದ್ದು, ಬೋಲ್ಟ್ ಹಾಕಿ ಬಿಗಿಯುವ ಫ್ಲ್ಯಾಂಜ್ ಇಲ್ಲ. ಅಲ್ಲೇ ಕಪ್ಪು ಮಸಿ ಕಾಣುತ್ತಿದೆ, ಅಂದರೆ ಲೀಕ್. ಹಿಂದಿನ ಬ್ರಾಕೆಟ್‌ನ ತೂತಿಗೆ ಸುಮಾರು 15 ಮಿ.ಮೀ. ಅಂತರ ಇದೆ, ಬೋಲ್ಟ್ ಬಿಗಿದರೆ ಪೈಪನ್ನೇ ಪೋರ್ಟ್‌ನಿಂದ ಆಚೆ ಎಳೆಯುತ್ತದೆ. ವಾಷರ್ ಕೊಟ್ಟು ಅಂತರ ತುಂಬಿಸಿ, ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಹೆಡ್ ಕಡೆಯಿಂದ ಹಿಂದಕ್ಕೆ ಬಿಗಿದೆ. ಸಿಡಿತ ಕಡಿಮೆಯಾಯಿತು, ನಿಲ್ಲಲಿಲ್ಲ.

ಕಾರ್ಬುರೇಟರ್‌ನಲ್ಲಿ ಗಾಳಿ ಹೊಂದಿಸುವ ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗಿದೆ. ಪೆಟ್ರೋಲ್ ಅಳತೆ ಹೊಂದಿಸುವ ನೀಡಲ್‌ನ ಕ್ಲಿಪ್ ನಡುವಿನ ಕಚ್ಚಿನಲ್ಲಿದೆ. ಲೀಕ್ ನಿಲ್ಲದೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಮುಟ್ಟುವುದು ವ್ಯರ್ಥ ಅಂತ ಹಾಗೇ ಬಿಟ್ಟಿದ್ದೇನೆ.

ಗೊತ್ತಿದ್ದವರು ಹೇಳಿ:

ಪೋರ್ಟ್ ಸವೆದು ಪೈಪ್ ಆಡುತ್ತಿದೆ. ತಾಮ್ರದ ತಗಡು ಸುತ್ತುವುದೋ, ಪೈಪ್ ತುದಿಯನ್ನು ಲೇತ್‌ನವರ ಹತ್ತಿರ ಹಿಗ್ಗಿಸುವುದೋ? ಶಾಖ ತಡೆಯುವ ಸಿಲಿಕೋನ್ ಒಂದೇ ಹಚ್ಚಿದರೆ ಎಷ್ಟು ದಿನ ಬಾಳುತ್ತದೆ?

ಮೇನ್ ಜೆಟ್ ಒಂದು ಸೈಜ್ ಏರಿಸಿದರೆ ಸಾಕೇ, ಕ್ಲಿಪ್ಪನ್ನೂ ಒಂದು ಕಚ್ಚು ಕೆಳಗಿಳಿಸಬೇಕೇ? ಏರ್ ಫಿಲ್ಟರ್ ಹಳೆಯದೇ, ಬದಲಿಸಿಲ್ಲ.