400 ಚದರಡಿಯಲ್ಲಿ ದರ್ಶಿನಿ: ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ತುಮಕೂರು_ಹೊಸಬ:
ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರ 400 ಚದರಡಿಯ ಮಳಿಗೆ. ಬಾಡಿಗೆ 45,000, ಹತ್ತು ತಿಂಗಳ ಅಡ್ವಾನ್ಸ್. ನಿಂತು ತಿನ್ನುವ ದರ್ಶಿನಿ: ಇಡ್ಲಿ-ವಡೆ, ದೋಸೆ, ರೈಸ್‌ಬಾತ್, ಕಾಫಿ-ಟೀ. ಮಹಡಿ ಮೇಲೆ ಮನೆಗಳಿವೆ. ದಿನಕ್ಕೆ ಎಷ್ಟು ವ್ಯಾಪಾರವಾದರೆ ಕೈ ಕಚ್ಚುವುದಿಲ್ಲ? ಅಡುಗೆಮನೆಯಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು? ಸಂಜೆ ಗೋಬಿ, ನೂಡಲ್ಸ್ ಕೂಡ ಇಡಬಹುದಾ?

ಗಲ್ಲಾಪೆಟ್ಟಿಗೆ:
ಮೊದಲು ಅಂಗಡಿ ಬಾಗಿಲು ತೆಗೆದರೂ ತೆಗೆಯದಿದ್ದರೂ ಕೊಡಲೇಬೇಕಾದ ದುಡ್ಡನ್ನು ಬರೆಯಿರಿ. ಬಾಡಿಗೆ 45,000. ಭಟ್ಟರು, ದೋಸೆಯವರು, ಕಾಫಿಯವರು, ಕ್ಲೀನರ್ ಎಲ್ಲ ಸೇರಿ ಸಂಬಳ, ಅವರ ಊಟ, ರೂಮು 1,80,000 ಅಂತಿಟ್ಟುಕೊಳ್ಳಿ. ಕರೆಂಟು, ನೀರು, ಕಸ 20,000. ಸಾಲದ ಬಡ್ಡಿ 15,000, ರಿಪೇರಿ 10,000. ಒಟ್ಟು 2,70,000, ಅಂದರೆ ದಿನಕ್ಕೆ 9,000.

100 ರೂಪಾಯಿ ವ್ಯಾಪಾರದಲ್ಲಿ ಸರಕಿಗೆ 38, ಗ್ಯಾಸಿಗೆ 5, ಪಾರ್ಸೆಲ್ ಸಾಮಾನಿಗೆ 3 ಹೋದರೆ ಉಳಿಯುವುದು 54. ಹಾಗಾಗಿ 9,000 ಹುಟ್ಟಬೇಕಾದರೆ ಸುಮಾರು 16,700 ವ್ಯಾಪಾರ ಆಗಬೇಕು. ಇಷ್ಟಾದರೂ ಲಾಭ ಸೊನ್ನೆ. ವರ್ಷಕ್ಕೆ ಇದು 60 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ತಪ್ಪುವುದಿಲ್ಲ. ಹೋಟೆಲಿಗೆ 5%, ಸರಕಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ದರ್ಶಿನಿಯಲ್ಲಿ ಬೋರ್ಡಿನ ದರದೊಳಗೇ ತೆರಿಗೆ ಸೇರಿಸುವವರೇ ಹೆಚ್ಚು. ಹಾಗೆ ಮಾಡಿದರೆ ಗಲ್ಲಾಕ್ಕೆ 17,500 ಬೀಳಬೇಕು. ಒಬ್ಬ ಗಿರಾಕಿ ಸರಾಸರಿ 50 ರೂಪಾಯಿ ಕೊಟ್ಟರೆ 350 ಜನ. ವಾರಕ್ಕೊಂದು ರಜೆ ಕೊಟ್ಟರೆ ಉಳಿದ ದಿನಗಳ ಮೇಲೆ ಇನ್ನೂ ಭಾರ ಬೀಳುತ್ತದೆ. ಮೇಲಿನ ಅಂಕಿ ಬರೀ ಉದಾಹರಣೆ, ನಿಮ್ಮ ಊರಿನ ಸಂಬಳ, ದರ ಹಾಕಿ ಮತ್ತೆ ಲೆಕ್ಕ ಮಾಡಿ.

ಆಮೇಲೆ ಆ ಮಳಿಗೆ ಮುಂದೆ ಬೆಳಿಗ್ಗೆ 6ರಿಂದ 11, ಸಂಜೆ 4ರಿಂದ 8 ನಿಂತು ಎಣಿಸಿ. ಹಾದುಹೋಗುವವರನ್ನಲ್ಲ, ಪಕ್ಕದ ಹೋಟೆಲುಗಳಲ್ಲಿ ತಿಂಡಿ ತಿನ್ನುವವರನ್ನು. ಒಂದು ಸೋಮವಾರ, ಒಂದು ಭಾನುವಾರ ಎರಡೂ ಬೇಕು.

ಗೋಬಿ, ನೂಡಲ್ಸ್ ಬೇಡ. ಬೇರೆ ಒಲೆ, ಬೇರೆ ಮಾಸ್ಟರ್, ಬೇರೆ ಸರಕು ಬೇಕಾಗುತ್ತದೆ. 400 ಚದರಡಿಯಲ್ಲಿ ಅದಕ್ಕೆ ಜಾಗವಿಲ್ಲ.

ಹೊಗೆಕೊಳವೆ:
ಮಹಡಿ ಮೇಲೆ ಮನೆ ಇದೆ ಅಂದಿದ್ದೀರಿ, ನನಗೆ ಬಾಡಿಗೆಗಿಂತ ಅದೇ ದೊಡ್ಡ ಚಿಂತೆ. ಹೊಗೆಕೊಳವೆಯನ್ನು ತಾರಸಿಯಿಂದಾಚೆಗೆ ಎತ್ತಲು ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆದಿರಲಿ. ಬಾಯಿಮಾತಿನ ಒಪ್ಪಿಗೆ ಮೊದಲ ಒಗ್ಗರಣೆಯ ಘಾಟು ಮೇಲಕ್ಕೆ ಹೋಗುವವರೆಗೆ ಮಾತ್ರ. ಚರಂಡಿಗೆ ಎರಡು ಕೊಡ ನೀರು ಸುರಿದು ನೋಡಿ. ನಿಂತರೆ, ಪಾತ್ರೆ ತೊಳೆದ ಜಿಡ್ಡು ಸೇರಿದಾಗ ಕಟ್ಟಿಕೊಳ್ಳುವುದು ಖಂಡಿತ. ಸಿಂಕಿನ ಕೆಳಗೆ ಜಿಡ್ಡು ಹಿಡಿಯುವ ತೊಟ್ಟಿ ಇಡಿ, ವಾರಕ್ಕೆರಡು ಸಲ ಜಿಡ್ಡನ್ನು ಬಳಿದು ತೆಗೆಯಿರಿ.

ಕಾಗದಪತ್ರ: ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ (14 ಅಂಕಿಯ ನಂಬರು ಬಿಲ್ಲಿನ ಮೇಲೂ ಇರಬೇಕು), ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ. ಸಿಲಿಂಡರ್ 19 ಕೆಜಿಯದ್ದೇ, ಮನೆಬಳಕೆಯದ್ದು ಮುಟ್ಟಬೇಡಿ. ನಾಮಫಲಕದ ಮೇಲ್ಭಾಗದಲ್ಲಿ 60% ಕನ್ನಡ ಕಡ್ಡಾಯ.

ದುಡ್ಡು ಹಾಕಬೇಕಾದ್ದು ದೋಸೆ ಕಲ್ಲಿಗೆ ಮತ್ತು ಗ್ರೈಂಡರಿಗೆ. ಕಲ್ಲು 20 ಮಿ.ಮೀ. ದಪ್ಪದ್ದಿರಲಿ. 4 × 2 ಅಡಿಯದ್ದಾದರೆ ಸುಮಾರು 115 ಕೆಜಿ ತೂಗುತ್ತದೆ, ಸ್ಟ್ಯಾಂಡು ಅದನ್ನು ತಡೆಯುವಂತೆ ಮಾಡಿಸಿ. ತೆಳು ಕಲ್ಲು ಬೇಗ ಕಾಯುತ್ತದೆ ನಿಜ, ಆದರೆ ಒಟ್ಟಿಗೆ ಎಂಟು ದೋಸೆ ಹೊಯ್ದರೆ ಅಷ್ಟೇ ಬೇಗ ಆರುತ್ತದೆ. ರಶ್ಶಿನ ಹೊತ್ತಿಗೇ ದೋಸೆ ಬಿಳಿಚಿಕೊಂಡು ಅಂಟುತ್ತದೆ. ಹೊಯ್ದ ಹಿಟ್ಟು ಸೌಟಿನ ಜೊತೆಗೇ ಎದ್ದು ಬಂದರೆ ಕಲ್ಲು ಅತಿಯಾಗಿ ಕಾದಿದೆ ಅಂತ ಅರ್ಥ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ. ಕುರ್ಚಿ, ಗೋಡೆ ಅಲಂಕಾರ, ಎಲ್‌ಇಡಿ ಬೋರ್ಡು ಆಮೇಲೆ ನೋಡಿದರಾಯಿತು.

ತುಮಕೂರು_ಹೊಸಬ:
ತುಂಬಾ ಉಪಕಾರವಾಯಿತು ಸರ್. ಇಡ್ಲಿ ಬೆಳಿಗ್ಗೆ 6ಕ್ಕೆ ಚೆನ್ನಾಗಿದ್ದು 10ಕ್ಕೆ ಹುಳಿಯಾಗದಂತೆ ಏನು ಮಾಡಬೇಕು? ಸರಕಿನ ಖರ್ಚು 38ರಲ್ಲಿ ನಿಲ್ಲುತ್ತದಾ?

ಹಿಟ್ಟಿನಮನೆ:
1 ಕೆಜಿ ಉದ್ದಿಗೆ 3 ಕೆಜಿ ಇಡ್ಲಿ ರವೆ. ಸುಮಾರು 9 ಕೆಜಿ ಹಿಟ್ಟಾಗುತ್ತದೆ. ಇಡ್ಲಿಗೆ 60 ಗ್ರಾಂ ಹಿಡಿದರೆ 150 ಇಡ್ಲಿ. ಉದ್ದು ರುಬ್ಬುವಾಗ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಗ್ರೈಂಡರ್ ಬಿಸಿಗೆ ಹಿಟ್ಟು ಕಾದರೆ ಹುದುಗು ಕೆಡುತ್ತದೆ. ಒಂದು ಚಿಟಿಕೆ ಹಿಟ್ಟನ್ನು ನೀರಿಗೆ ಹಾಕಿ: ತೇಲಿದರೆ ಸಾಕು, ಮುಳುಗಿದರೆ ಇನ್ನೂ ರುಬ್ಬಿ. ನೆನೆದ ರವೆಯನ್ನು ಚೆನ್ನಾಗಿ ಹಿಂಡಿ ಸೇರಿಸಿ, ನೀರು ಉಳಿದರೆ ಇಡ್ಲಿ ಚಪ್ಪಟೆಯಾಗುತ್ತದೆ.

ಹುಳಿ ಬರುವುದು ಒಂದೇ ಕೊಳಗದಲ್ಲಿ ಇಡೀ ದಿನದ ಹಿಟ್ಟು ಇಡುವುದರಿಂದ. ಎರಡು ಪಾಲು ಮಾಡಿ. ಮೊದಲನೆಯದು ರಾತ್ರಿ ಹೊರಗೆ ಹುದುಗಲಿ. ಎರಡನೆಯದನ್ನು ರುಬ್ಬಿದ ಕೂಡಲೇ 5 ಕೆಜಿಯ ಪಾತ್ರೆಗಳಲ್ಲಿ ಫ್ರಿಜ್ಜಿಗೆ ಹಾಕಿ, ಅಂಗಡಿ ಮುಚ್ಚುವಾಗ ಹೊರಗಿಡಿ. ದೊಡ್ಡ ಕೊಳಗವಾದರೆ ನಡುವಿನ ತಣುಪು ಬೆಳಗಿನವರೆಗೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಹುದುಗಲು 6-7 ಗಂಟೆ ಸಾಕು, ಚಳಿಯಲ್ಲಿ 10-12 ಬೇಕು. ಹೊರಗಿಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿ.

ಕಾಫಿಗೂ ಅಳತೆ ಇರಲಿ. 500 ಗ್ರಾಂ ಪುಡಿಗೆ 3 ಲೀಟರ್ ಕುದಿಯುವ ನೀರು ಹಾಕಿದರೆ 1 ಲೀಟರ್ ಪುಡಿಯಲ್ಲೇ ಉಳಿದು 2 ಲೀಟರ್ ಡಿಕಾಕ್ಷನ್ ಇಳಿಯುತ್ತದೆ. ಲೋಟಕ್ಕೆ 25 ಮಿ.ಲೀ. ಅಂದರೆ 80 ಕಾಫಿ. 65ಕ್ಕೇ ಮುಗಿದರೆ ಕೈ ಅಳತೆ ತಪ್ಪುತ್ತಿದೆ. 100 ದಾಟಿದರೆ ನೀರು ಬೆರೆಯುತ್ತಿದೆ, ಗಿರಾಕಿ ಮೊದಲ ಗುಟುಕಿಗೇ ಕಂಡುಹಿಡಿಯುತ್ತಾರೆ.

38ರ ಲೆಕ್ಕ ಕೆಡಿಸುವುದು ಚಟ್ನಿ. ಪ್ಲೇಟಿಗೆ 60 ಮಿ.ಲೀ. ಅಂದುಕೊಂಡಲ್ಲಿ 100ರ ಸೌಟು ಬಿದ್ದರೆ 400 ಪ್ಲೇಟಿಗೆ 16 ಲೀಟರ್ ಹೆಚ್ಚುವರಿ ಹೋಯಿತು. ಅದರಲ್ಲಿ ಎಷ್ಟೋ ಪ್ಲೇಟಿನಲ್ಲೇ ಉಳಿದು ಕಸಕ್ಕೆ ಬೀಳುತ್ತದೆ. ಕೇಳಿದವರಿಗೆ ಇಲ್ಲ ಅನ್ನಬೇಡಿ, ಎರಡನೇ ಸಲ ಧಾರಾಳವಾಗಿ ಹಾಕಿ, ಮೊದಲ ಸಲ ಮಾತ್ರ ಅಳೆದು. 60 ಮಿ.ಲೀ.ನ ಸೌಟು ತರಿಸಿ, ದೊಡ್ಡ ಸೌಟು ಕೌಂಟರಿನ ಹತ್ತಿರ ಸುಳಿಯದಿರಲಿ. ತೆಂಗಿನ ಚಟ್ನಿಯನ್ನು ಮೂರು ಗಂಟೆಗೆ ಸಾಲುವಷ್ಟೇ ರುಬ್ಬಿ. ಹಳೆಯದು ಖಾಲಿಯಾಗಿ ಪಾತ್ರೆ ತೊಳೆದ ಮೇಲೇ ಹೊಸದನ್ನು ಹಾಕಬೇಕು, ಹಳೆಯದರ ಮೇಲೆ ಸುರಿದರೆ ಎರಡೂ ಹಳಸುತ್ತವೆ.