ಅರ್ಬಾನಾದಲ್ಲಿ ಗಣಿತ, ಮ್ಯಾಡಿಸನ್‌ನಲ್ಲಿ ಕಂಪ್ಯೂಟರ್ ಸೈನ್ಸ್: ಯಾವುದಕ್ಕೆ ಹೂಂ ಅನ್ನಲಿ?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ–ಶಾಂಪೇನ್ ಕ್ಯಾಂಪಸ್‌ನಲ್ಲಿ ಗಣಿತಕ್ಕೆ, ವಿಸ್ಕಾನ್ಸಿನ್–ಮ್ಯಾಡಿಸನ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ (ಸಿಎಸ್) ಬಿಎಸ್ ಪದವಿಯ ಸೀಟು ಸಿಕ್ಕಿದೆ. ಮೇ 1ರೊಳಗೆ ಒಪ್ಪಿಗೆ ಹೇಳಬೇಕು. ಎಫ್-1 ವೀಸಾ, ಅಂದರೆ ವಿದ್ಯಾರ್ಥಿ ವೀಸಾ. ಸಿಎಸ್‌ನಲ್ಲಿ ಇಲಿನಾಯ್ ಹೆಸರೇ ದೊಡ್ಡದಲ್ಲವೇ, ಸೇರಿಕೊಂಡು ಆಮೇಲೆ ಸಿಎಸ್‌ಗೆ ಬದಲಾಯಿಸಿಕೊಂಡರಾಯಿತು ಎನ್ನುವ ಲೆಕ್ಕ. ಗುರಿ ಸಾಫ್ಟ್‌ವೇರ್, ಆದರೆ ಸಂಶೋಧನೆಯ ಆಸೆಯೂ ಇದೆ. ಪಾರ್ಟಿ ಗದ್ದಲ ಒಗ್ಗುವುದಿಲ್ಲ. ಯಾವುದು ವಾಸಿ?

ಗುಣಾಕಾರ:
ಆ ಲೆಕ್ಕವನ್ನು ಮೊದಲು ಬಿಡಿ. ಇಲಿನಾಯ್‌ನಲ್ಲಿ ಬೇರೆ ವಿಭಾಗದಿಂದ ಸಿಎಸ್‌ಗೆ ಹೋಗುವ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಮೇಲ್ಹಂತದ ಸಿಎಸ್ ಕೋರ್ಸ್‌ಗಳಲ್ಲೂ ನೋಂದಣಿ ತೆರೆದಾಗ ಸೀಟು ಮೊದಲು ಸಿಎಸ್ ಅನ್ನೇ ಮುಖ್ಯ ವಿಷಯವಾಗಿ (ಮೇಜರ್) ಓದುವವರಿಗೆ, ಮಿಕ್ಕಿದ್ದು ಉಳಿದವರಿಗೆ. ಎರಡೂ ಕಡೆಯ ಕೋರ್ಸ್ ಪಟ್ಟಿ ಆನ್‌ಲೈನ್‌ನಲ್ಲೇ ಇದೆ. ಮೂರನೇ ವರ್ಷಕ್ಕೆ ಬೇಕಾಗುವ ಐದಾರು ಕೋರ್ಸ್ ಆರಿಸಿ, ಪ್ರತಿಯೊಂದರಲ್ಲೂ ‘ಯಾರಿಗೆ ಮೀಸಲು’ ಎಂಬ ಟಿಪ್ಪಣಿ ಓದಿ. ರ‍್ಯಾಂಕಿಂಗ್ ಹೇಳದ ಸಂಗತಿ ಅಲ್ಲಿ ಸಿಗುತ್ತದೆ. ಗಣಿತವೇ ಇಷ್ಟವಾಗಿದ್ದರೆ ಮಾತು ಬೇರೆ.

ಕೆರೆದಂಡೆ:
ಗದ್ದಲದ ವಿಷಯ. ಇಲಿನಾಯ್‌ನ ಫ್ರಟರ್ನಿಟಿ–ಸೊರಾರಿಟಿ (ಹುಡುಗರ, ಹುಡುಗಿಯರ ವಿದ್ಯಾರ್ಥಿ ಸಂಘಗಳ) ವ್ಯವಸ್ಥೆ ಆ ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಕುಡಿಯುವ ವಯಸ್ಸು 21 ಆದರೂ ಶಾಂಪೇನ್ ಊರಿನ ಬಾರುಗಳಿಗೆ 19ಕ್ಕೇ ಪ್ರವೇಶ, ಹಾಗಾಗಿ ಚಿಕ್ಕವರ ಸಂಜೆಗಳೂ ಅಲ್ಲಿಗೇ ಎಳೆಯುತ್ತವೆ. ಹಾಗಂತ ಮ್ಯಾಡಿಸನ್ ಆಶ್ರಮವೇನಲ್ಲ! 75,000ಕ್ಕೂ ಹೆಚ್ಚು ಜನ ಹಿಡಿಸುವ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣ ಎಂಜಿನಿಯರಿಂಗ್ ಕಟ್ಟಡಗಳ ಪಕ್ಕದಲ್ಲೇ ಇದೆ. ಪಂದ್ಯದ ಶನಿವಾರ ಆ ಕಡೆ ಓದು ಸಾಗದು. ಮಿಕ್ಕ ದಿನ ಮೆಂಡೋಟಾ ಸರೋವರದ ದಂಡೆ, ಸ್ಟೇಟ್ ಸ್ಟ್ರೀಟ್, ಅದರ ತುದಿಗೆ ರಾಜ್ಯದ ಶಾಸನಭವನ: ಕ್ಯಾಂಪಸ್ ಬೇಸರವಾದರೆ ಕಾಲ್ನಡಿಗೆಯಲ್ಲೇ ಒಂದು ಊರಿದೆ. ಅರ್ಬಾನಾದ ಸುತ್ತ ಮೆಕ್ಕೆಜೋಳದ ಹೊಲ, ಷಿಕಾಗೋ ಸುಮಾರು 220 ಕಿ.ಮೀ. ಅದರಿಂದ ಒಂದು ಲಾಭವೂ ಉಂಟು, ಎಲ್ಲರೂ ಕ್ಯಾಂಪಸ್ಸಿನಲ್ಲೇ ಉಳಿಯುವುದರಿಂದ ಕ್ಲಬ್ಬುಗಳಿಗೆ ಜೀವ ಜಾಸ್ತಿ. ‘ನೂರಾರು ಕ್ಲಬ್’ ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. ಕನ್ಸಲ್ಟಿಂಗ್ ಥರದವಕ್ಕೆ ಅರ್ಜಿ, ಸಂದರ್ಶನ ಎರಡೂ ಇರುತ್ತವೆ, ಸೆಮಿಸ್ಟರಿನ ಮೊದಲ ವಾರಗಳಲ್ಲೇ ಬಾಗಿಲು ಹಾಕುತ್ತವೆ. ನಿಜವಾದ ವಾತಾವರಣ ತಿಳಿಯಲು ಡೈಲಿ ಇಲೈನೈ, ಡೈಲಿ ಕಾರ್ಡಿನಲ್ ಎಂಬ ವಿದ್ಯಾರ್ಥಿ ಪತ್ರಿಕೆಗಳ ಒಂದು ವರ್ಷದ ಸಂಚಿಕೆ ತಿರುವಿ.

ಎರಡನೇಸಾಲು:
ಅವಕಾಶದ ವಿಚಾರದಲ್ಲಿ ಎಫ್-1ನವರು ಎಡವುವ ಜಾಗ ಇದು. ಇಲಿನಾಯ್‌ನ ರಿಸರ್ಚ್ ಪಾರ್ಕ್‌ನಲ್ಲಿ ಕಂಪನಿಗಳು ಸೆಮಿಸ್ಟರ್ ನಡುವೆಯೂ ವಿದ್ಯಾರ್ಥಿಗಳನ್ನು ಅರೆಕಾಲಿಕ ಕೆಲಸಕ್ಕೆ ತೆಗೆದುಕೊಳ್ಳುತ್ತವೆ, ಇದು ಆ ಕ್ಯಾಂಪಸ್ಸಿನ ದೊಡ್ಡ ಬಲ. ಆದರೆ ಕಂಪನಿ ಕೆಲಸಕ್ಕೆ ಸಿಪಿಟಿ (ಓದಿನ ಭಾಗವಾದ ಕೆಲಸಕ್ಕೆ ಅನುಮತಿ) ಬೇಕು, ಪದವಿ ವಿದ್ಯಾರ್ಥಿಗೆ ಅದು ಒಂದು ಪೂರ್ಣ ಶೈಕ್ಷಣಿಕ ವರ್ಷ ಕಳೆದ ಮೇಲೆಯೇ. ವಿಶ್ವವಿದ್ಯಾಲಯದ್ದೇ ಲ್ಯಾಬ್ ಕೆಲಸವಾದರೆ ಮೊದಲ ವರ್ಷವೂ ಸರಿ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ. ಮ್ಯಾಡಿಸನ್‌ನ ಅಂಡರ್‌ಗ್ರ್ಯಾಜುಯೇಟ್ ರಿಸರ್ಚ್ ಸ್ಕಾಲರ್ಸ್ ಎಂಬ ಸಂಶೋಧನಾ ಕಾರ್ಯಕ್ರಮ ಮೊದಲೆರಡು ವರ್ಷದವರಿಗೆಂದೇ ಇರುವುದು, ಕ್ರೆಡಿಟ್ ಕೂಡ ಸಿಗುತ್ತದೆ. ಎನ್‌ಎಸ್‌ಎಫ್ (ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಹಣದ ಆರ್‌ಇಯು, ಅಂದರೆ ಪದವಿ ವಿದ್ಯಾರ್ಥಿಗಳ ಬೇಸಿಗೆ ಸಂಶೋಧನೆಯ ಸೀಟುಗಳು ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಅದನ್ನು ನೆಚ್ಚಿಕೊಳ್ಳಬೇಡಿ. ಒಪಿಟಿ (ಪದವಿ ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು, ಸ್ಟೆಮ್‌ಗೆ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ವಿಷಯಗಳಿಗೆ, ಇನ್ನೂ 24. ಗಣಿತವೂ ಸ್ಟೆಮ್ಮೇ, ಅಲ್ಲಿ ವ್ಯತ್ಯಾಸವಿಲ್ಲ.

ನೀಲಿಶಾಯಿ:
ಮನಸ್ಸು ಮ್ಯಾಡಿಸನ್ ಕಡೆ ವಾಲಿದೆ. ವಸತಿ?

ಕೆರೆದಂಡೆ:
ಇಲಿನಾಯ್‌ನಲ್ಲಿ ಮೊದಲ ವರ್ಷದವರು ವಿಶ್ವವಿದ್ಯಾಲಯದ ಅಥವಾ ಅದು ಪ್ರಮಾಣೀಕರಿಸಿದ ವಸತಿಯಲ್ಲೇ ಇರಬೇಕು. ಮ್ಯಾಡಿಸನ್‌ನಲ್ಲಿ ಆ ಕಡ್ಡಾಯವಿಲ್ಲ, ಆದರೂ ಮೊದಲ ವರ್ಷ ಹಾಸ್ಟೆಲ್ ಬಿಡಬೇಡಿ. ಎರಡನೇ ವರ್ಷದ ಮನೆಗೆ ಹಿಂದಿನ ಶರತ್ಕಾಲದಲ್ಲೇ ಹುಡುಕಾಟ ಶುರು. ಅಲ್ಲಿ ಬಹಳಷ್ಟು ಬಾಡಿಗೆ ಕರಾರು ಆಗಸ್ಟ್ 14ಕ್ಕೆ ಮುಗಿದು ಹೊಸದು 15ಕ್ಕೆ ಆರಂಭ, ನಡುವಿನ ರಾತ್ರಿ ಸಾಮಾನು ಸಮೇತ ಬೀದಿಯಲ್ಲಿ. ಸಹಿ ಹಾಕುವ ಮುನ್ನ ಆ ಎರಡು ತಾರೀಖು ನೋಡಿಕೊಳ್ಳಿ.